ಜೊಲ್ಲುಗ್ರಂಥಿಯ ಕ್ಯಾನ್ಸರ್: ಉಳಿವು ಯಾವುದರ ಮೇಲೆ ನಿಂತಿದೆ?

ಪ್ರಶ್ನೆ: ನಮ್ಮ ಅವ್ವನಿಗೆ 58 ವರ್ಷ. ಎಲೆ-ಅಡಿಕೆ, ತಂಬಾಕು ಯಾವುದನ್ನೂ ಮುಟ್ಟಿದವಳಲ್ಲ. ಕಿವಿಯ ಕೆಳಗೆ ನೋವಿಲ್ಲದ ಗಂಟೊಂದು ಎರಡು ವರ್ಷದಿಂದ ಇತ್ತು. ಈಗ ಜೊಲ್ಲುಗ್ರಂಥಿಯ ಕ್ಯಾನ್ಸರ್ ಎಂದಿದ್ದಾರೆ. ಇದು ಹೇಗೆ ಬಂತು? ಅವ್ವ ಉಳಿಯುತ್ತಾಳೆಯೇ?
– ಓದುಗರೊಬ್ಬರು, ಬೈಲಹೊಂಗಲ

ಉತ್ತರ: ಅವ್ವ ಏನೋ ತಪ್ಪು ಮಾಡಿದ್ದಕ್ಕೆ ಈ ರೋಗ ಬಂದಿಲ್ಲ. ಇದನ್ನು ಮೊದಲು ಅವರಿಗೆ ಹೇಳಿ. ಬಾಯಿ ಕ್ಯಾನ್ಸರ್ ಎಂದ ಕೂಡಲೇ ನಮ್ಮ ಕಡೆ ಗುಟ್ಕಾ, ಸುಣ್ಣ-ತಂಬಾಕು ನೆನಪಾಗುತ್ತವೆ. ಕೆನ್ನೆಯ ಒಳಭಾಗ, ನಾಲಿಗೆ, ಒಸಡಿನ ಕ್ಯಾನ್ಸರಿಗೆ ಅದು ಸರಿ. ಜೊಲ್ಲುಗ್ರಂಥಿಯದು ಬೇರೆ ಜಾತಿ. ತಲೆ-ಕುತ್ತಿಗೆಯ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಐದೂ ಇಲ್ಲ, ಹೆಚ್ಚಿನವರಲ್ಲಿ ಕಾರಣವೂ ಸಿಗುವುದಿಲ್ಲ.

ಉಳಿಯುತ್ತಾರೆಯೇ ಎಂಬುದಕ್ಕೆ ಉತ್ತರ ಬಹುಪಾಲು ಬಯಾಪ್ಸಿ ವರದಿಯಲ್ಲಿದೆ. ‘ಜೊಲ್ಲುಗ್ರಂಥಿಯ ಕ್ಯಾನ್ಸರ್’ ಎಂಬ ಒಂದೇ ಹೆಸರಿನಡಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ. ಎಲ್ಲಕ್ಕಿಂತ ಹೆಚ್ಚು ಕಾಣುವುದು ಮ್ಯೂಕೋಎಪಿಡರ್ಮಾಯ್ಡ್. ಅದು ಕೆಳದರ್ಜೆಯದಾಗಿದ್ದರೆ ನೂರರಲ್ಲಿ 90ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ, ಮೇಲ್ದರ್ಜೆಯದಾದರೆ ಸುಮಾರು ಅರ್ಧದಷ್ಟು ಜನ. ಅಡಿನಾಯ್ಡ್ ಸಿಸ್ಟಿಕ್ ಎಂಬುದು ನಿಧಾನಿ, ಆದರೆ ಹಟಮಾರಿ. ಐದು ವರ್ಷದ ಲೆಕ್ಕ ಚೆನ್ನಾಗಿಯೇ ಇರುತ್ತದೆ. ಆದರೆ ಅದು ನರಗಳ ಗುಂಟ ಹರಿದು, ಹತ್ತು-ಹದಿನೈದು ವರ್ಷದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ಹೀಗಾಗಿ ಈ ಬಗೆಯವರು ಐದು ವರ್ಷ ಮುಗಿಯಿತೆಂದು ತಪಾಸಣೆ ಬಿಡಬಾರದು. ಸಲೈವರಿ ಡಕ್ಟ್ ಕಾರ್ಸಿನೋಮಾ ಮಾತ್ರ ವೇಗವಾಗಿ ಹಬ್ಬುವಂಥದ್ದು.

ಬಗೆ, ದರ್ಜೆಗಳ ಜೊತೆಗೆ ವೈದ್ಯರು ಇನ್ನೂ ಕೆಲವನ್ನು ತೂಗುತ್ತಾರೆ: ಗಂಟಿನ ಗಾತ್ರ, ಕುತ್ತಿಗೆಯ ಗ್ರಂಥಿಗಳಿಗೆ ಹಬ್ಬಿದೆಯೇ, ತೆಗೆದ ತುಂಡಿನ ಅಂಚು ಶುದ್ಧವಾಗಿದೆಯೇ, ನರ ಹಿಡಿದಿದೆಯೇ. ಕಿವಿಯ ಕೆಳಗಿನ ಗ್ರಂಥಿಯನ್ನು ಸೀಳಿಕೊಂಡೇ ಮುಖದ ನರ ಹಾದು, ಐದು ಕವಲಾಗುತ್ತದೆ. ಅದಕ್ಕೇ ವೈದ್ಯರು ‘ಹುಬ್ಬು ಏರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಗಲ್ಲ ಉಬ್ಬಿಸಿ, ಹಲ್ಲು ತೋರಿಸಿ’ ಎನ್ನುತ್ತಾರೆ. ಆಪರೇಷನ್ನಿಗೆ ಮೊದಲೇ ಬಾಯಿ ಒಂದು ಕಡೆ ಸೊಟ್ಟಗಾಗಿದ್ದರೆ, ಒಂದು ಕಣ್ಣು ಪೂರ್ತಿ ಮುಚ್ಚದಿದ್ದರೆ ರೋಗ ನರಕ್ಕೆ ತಾಗಿದ ಸೂಚನೆ. ಎರಡೂ ಕಡೆ ಸಮವಾಗಿದ್ದರೆ ಅದು ಒಳ್ಳೆಯ ಲಕ್ಷಣ.

ಅಪರೂಪದ ಕ್ಯಾನ್ಸರಾದ್ದರಿಂದ ಬಗೆ ಗುರುತಿಸುವಲ್ಲಿ ವ್ಯತ್ಯಾಸ ಬರುವುದುಂಟು. ಬಯಾಪ್ಸಿಯ ತುಂಡನ್ನು ಮೇಣದ ಬ್ಲಾಕಿನಲ್ಲಿ ಕಾಪಾಡಿಟ್ಟಿರುತ್ತಾರೆ. ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆದು, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಬೆಳಗಾವಿಯ ಕೆಎಲ್ಇಯಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಇನ್ನೊಮ್ಮೆ ತೋರಿಸಿ. ಅವ್ವನನ್ನು ಮತ್ತೆ ಚುಚ್ಚಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಮುಖ್ಯ ಚಿಕಿತ್ಸೆ ಆಪರೇಷನ್. ಮೇಲ್ದರ್ಜೆಯ ಗಂಟಿದ್ದರೆ, ಅಂಚಿನಲ್ಲಿ ರೋಗ ಉಳಿದಿದ್ದರೆ ಅಥವಾ ನರ ಹಿಡಿದಿದ್ದರೆ ಆಮೇಲೆ ರೇಡಿಯೇಷನ್, ಅಂದರೆ ಜನ ಹೇಳುವ ‘ಕರೆಂಟ್’. ಗಾಯ ಮಾಯ್ದ ಮೇಲೆ, ಸಾಧ್ಯವಾದಷ್ಟೂ ಆರು ವಾರದೊಳಗೆ ಅದು ಶುರುವಾಗಬೇಕು. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ತಪ್ಪದೆ ನಡೆಯಬೇಕು. ಕಿತ್ತೂರಿನವರು ಹೆದ್ದಾರಿಯ ಬಸ್ಸಿನಲ್ಲಿ ದಿನಾ ಹೋಗಿಬರಬಹುದೇನೋ, ರಾಮದುರ್ಗ, ಸವದತ್ತಿಯವರಿಗೆ ಅದು ಕಷ್ಟ. ಸುಗ್ಗಿ ಬಂತು, ಜಾತ್ರೆ ಬಂತು ಎಂದು ನಡುವೆ ಬಿಟ್ಟರೆ ರೋಗ ಮರಳುವ ಅಪಾಯ ಹೆಚ್ಚು. ನಮ್ಮ ಕೈಯಲ್ಲಿರುವ ದೊಡ್ಡ ಅಂಶ ಇದೇ. ಆಸ್ಪತ್ರೆಯ ಹತ್ತಿರ ಉಳಿಯುವ ವ್ಯವಸ್ಥೆ, ಜೊತೆಗಿರುವವರು ಯಾರು ಎಂಬುದನ್ನು ಆಪರೇಷನ್ನಿಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಉಳಿದ ಓದುಗರಿಗೂ ಒಂದು ಮಾತು. ಕಿವಿಯ ಕೆಳಗಿನ ಗಂಟುಗಳಲ್ಲಿ ನೂರಕ್ಕೆ ಸುಮಾರು 80 ಕ್ಯಾನ್ಸರೇ ಅಲ್ಲ. ಆದರೆ ದವಡೆಯ ಕೆಳಗಿನ ಗಂಟಾದರೆ ಅನುಮಾನ ಹೆಚ್ಚು, ಅಂಗುಳದಲ್ಲಾದರೆ ಇನ್ನೂ ಹೆಚ್ಚು. ನೋವಿಲ್ಲವೆಂದು ಸುಮ್ಮನಿರಬೇಡಿ. ಮಂಗನಬಾವು ಒಂದೆರಡು ವಾರದಲ್ಲಿ ಇಳಿಯುತ್ತದೆ. ಮೂರು ವಾರ ಕಳೆದರೂ ಇಳಿಯದ ಗಂಟಿಗೆ ಲೇಪ ಹಚ್ಚುತ್ತ ಕೂರದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಸೂಜಿ ಪರೀಕ್ಷೆಯ ಬಗ್ಗೆ ಕೇಳಿ.

ನಿಮ್ಮ ಅವ್ವನ ಎರಡು ವರ್ಷ ಹಿಂದಕ್ಕೆ ಬರುವುದಿಲ್ಲ. ಆದರೂ ನಿಧಾನ ಬೆಳೆದ, ಮುಖದ ನರ ಕೆಡಿಸದ ಗಂಟಾಗಿದ್ದರೆ ಭರವಸೆಗೆ ಕಾರಣವಿದೆ. ಮುಂದಿನ ಭೇಟಿಯಲ್ಲಿ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಬಗೆ ಯಾವುದು, ದರ್ಜೆ ಎಷ್ಟು, ಕುತ್ತಿಗೆಗೆ ಹಬ್ಬಿದೆಯೇ? ಆಗ ಸಿಗುವ ಉತ್ತರ ನಿಮ್ಮ ಅವ್ವನದೇ ಆಗಿರುತ್ತದೆ, ಬೇರೆ ಯಾರದೋ ಸರಾಸರಿ ಅಲ್ಲ.