ನೀರಿನ ಪರೀಕ್ಷೆಯಿಂದ ಕೆರೆಯ ಮೀನುಗಳ ಪತ್ತೆ

ಕೆರೆಯಲ್ಲಿ ಯಾವ ಜಾತಿಯ ಮೀನುಗಳಿವೆ ಎಂದು ತಿಳಿಯಲು ಬಲೆ ಬೀಸಿ ನೋಡುವುದು ವಾಡಿಕೆ. ಆದರೆ ವಿರಳವಾಗಿರುವ, ಕೆಸರಿನಲ್ಲಿ ಅಡಗುವ ಮೀನುಗಳು ಬಲೆಗೆ ಸುಲಭವಾಗಿ ಬೀಳುವುದಿಲ್ಲ. ಭಾರತದಲ್ಲಿ ಸಾಕಣೆ ನಿಷೇಧಿಸಲಾಗಿರುವ ಆಫ್ರಿಕನ್ ಕ್ಯಾಟ್‌ಫಿಶ್ ಇದಕ್ಕೆ ಉದಾಹರಣೆ. ಇತರ ಮೀನುಗಳನ್ನು ತಿನ್ನುವ ಈ ಮೀನು ಕೆರೆ ಸೇರಿದರೆ ಕಾಟ್ಲಾ, ರೋಹು ಮರಿಗಳಿಗೆ ಅಪಾಯ. ಬಲೆಗೆ ಸಿಗುವ ವೇಳೆಗೆ ಅದು ನೆಲೆಯೂರಿರಬಹುದು. ಮೀನನ್ನು ಹಿಡಿಯದೆ ನೀರಿನಿಂದಲೇ ಅದರ ಸುಳಿವು ತಿಳಿಯುವ ವಿಧಾನಕ್ಕೆ ಪರಿಸರ ಡಿ.ಎನ್.ಎ. ಪರೀಕ್ಷೆ ಎಂದು ಹೆಸರು.

ಪರೀಕ್ಷೆಯ ತತ್ತ್ವ

ಜೀವಕೋಶಗಳಲ್ಲಿರುವ ವಂಶವಾಹಿ ವಸ್ತುವೇ ಡಿ.ಎನ್.ಎ. ಇದರ ಕೆಲವು ಭಾಗಗಳ ರಚನೆ ಜಾತಿಯಿಂದ ಜಾತಿಗೆ ಬೇರೆಯಾಗಿರುತ್ತದೆ. ಮೀನಿನ ಲೋಳೆ, ಹುರುಪೆ ಮತ್ತು ಮಲದೊಡನೆ ಅದು ನೀರಿಗೆ ಸೇರುತ್ತದೆ. ನೀರನ್ನು ಸೂಕ್ಷ್ಮ ರಂಧ್ರಗಳ ಹಾಳೆಯಲ್ಲಿ ಸೋಸಿ, ಉಳಿದ ಕಣಗಳಿಂದ ಡಿ.ಎನ್.ಎ. ಬೇರ್ಪಡಿಸಿ, ಪಿ.ಸಿ.ಆರ್. ಕ್ರಿಯೆಯಿಂದ ಅದನ್ನು ಲಕ್ಷಗಟ್ಟಲೆ ಪ್ರತಿಗಳಾಗಿ ಹೆಚ್ಚಿಸಿ ಜಾತಿಯನ್ನು ಗುರುತಿಸಲಾಗುವುದು. ಕೊರೋನಾ ಪರೀಕ್ಷೆಯಲ್ಲಿಯೂ ಪಿ.ಸಿ.ಆರ್. ಬಳಕೆಯಾಗಿತ್ತು. ಫ್ರಾನ್ಸಿನ ಕೊಳಗಳಲ್ಲಿ 15 ಮಿ.ಲೀ. ನೀರಿನ ಮಾದರಿಗಳಿಂದಲೇ ಅಮೆರಿಕದ ಬುಲ್‌ಫ್ರಾಗ್ ಕಪ್ಪೆಯನ್ನು ಪತ್ತೆ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು.

ಷಿಕಾಗೋ ಕಾಲುವೆಯ ಅನುಭವ

ಕರ್ನಾಟಕದಲ್ಲಿ ಮಿಶ್ರ ಮೀನು ಸಾಕಣೆಗೆ ಬಳಸುವ ಬೆಳ್ಳಿಗೆಂಡೆ ಅಮೆರಿಕದಲ್ಲಿ ಪಿಡುಗಾಗಿದೆ. 1970ರ ದಶಕದಲ್ಲಿ ಕೊಳಗಳ ಪಾಚಿ ನಿವಾರಣೆಗೆಂದು ತರಿಸಿದ ಬೆಳ್ಳಿಗೆಂಡೆ ಮತ್ತು ಬಿಗ್‌ಹೆಡ್ ಗೆಂಡೆಗಳು ತಪ್ಪಿಸಿಕೊಂಡು ಮಿಸಿಸಿಪ್ಪಿ ನದಿಯಲ್ಲಿ ಹರಡಿದವು. ಅವು ಮಿಷಿಗನ್ ಸರೋವರ ಸೇರದಂತೆ ಷಿಕಾಗೋ ಬಳಿಯ ಕಾಲುವೆಯಲ್ಲಿ 2002ರಲ್ಲಿ ವಿದ್ಯುತ್ ತಡೆ ಆರಂಭವಾಯಿತು. 2009ರಲ್ಲಿ ತಡೆಯ ಆಚೆಯ ನೀರಿನಲ್ಲಿ ಅವುಗಳ ಡಿ.ಎನ್.ಎ. ಕಂಡಿತು. ಅದು ಜೀವಂತ ಮೀನಿನದೋ, ದೋಣಿ ಅಥವಾ ಹಕ್ಕಿಗಳಿಂದ ಬಂದದ್ದೋ ಎಂಬ ಚರ್ಚೆ ನಡೆಯಿತು. 2010ರ ಜೂನ್‌ನಲ್ಲಿ ತಡೆಯ ಆಚೆಯ ಕ್ಯಾಲುಮೆಟ್ ಸರೋವರದಲ್ಲಿ ಒಂದು ಬಿಗ್‌ಹೆಡ್ ಗೆಂಡೆ ಬಲೆಗೆ ಸಿಕ್ಕಿತು.

ಮಾದರಿ ತೆಗೆಯುವ ಕ್ರಮ

1. ಹೊಸ ಬಾಟಲಿ, ಹೊಸ ಕೈಗವಸು ಬಳಸಬೇಕು. ಮೀನು ಅಥವಾ ಬಲೆ ಮುಟ್ಟಿದ ಕೈಯಿಂದ ಮಾದರಿ ತೆಗೆಯಬಾರದು.

2. ನೀರಿಗೆ ಇಳಿಯದೆ, ಕೆಸರು ಕದಡದೆ, ತೂಬು, ಕೋಡಿ, ಜೊಂಡು ಬೆಳೆದ ಅಂಚು ಹೀಗೆ ಹಲವು ಕಡೆಗಳಿಂದ ನೀರು ತುಂಬಬೇಕು.

3. ಬಿಸಿಲು ಮತ್ತು ಶಾಖದಿಂದ ಡಿ.ಎನ್.ಎ. ಕೆಡುತ್ತದೆ. ಬಾಟಲಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬೇಗನೆ ಪ್ರಯೋಗಾಲಯಕ್ಕೆ ತಲುಪಿಸಬೇಕು.

4. ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನೂ ಜೊತೆಗೆ ಕಳುಹಿಸಬೇಕು. ಅದರಲ್ಲಿಯೂ ಮೀನಿನ ಡಿ.ಎನ್.ಎ. ಕಂಡರೆ ಮಾದರಿಗಳು ಬೆರಕೆಯಾಗಿವೆ ಎಂದರ್ಥ. ಆಗ ಹೊಸದಾಗಿ ಮಾದರಿ ತೆಗೆಯಬೇಕು.

ಫಲಿತಾಂಶದ ಅರ್ಥ

'ಇದೆ' ಎಂಬ ಫಲಿತಾಂಶ ಎಚ್ಚರಿಕೆಯೇ ಹೊರತು ಕೊನೆಯ ತೀರ್ಮಾನವಲ್ಲ. ಹರಿಯುವ ನೀರು ಮೇಲಿನ ಕೆರೆಯಿಂದಲೂ ಡಿ.ಎನ್.ಎ. ತರಬಲ್ಲದು. ಆದುದರಿಂದ ಸರಣಿ ಕೆರೆಗಳಿದ್ದಲ್ಲಿ ಮೇಲಿನ ಕೆರೆಯನ್ನೂ ಪರೀಕ್ಷಿಸಿ, ಬಳಿಕ ಬಲೆಯಿಂದ ಖಚಿತಪಡಿಸಿಕೊಳ್ಳಬೇಕು. 'ಇಲ್ಲ' ಎಂದು ಬಂದರೂ ಮೀನು ಇಲ್ಲವೇ ಇಲ್ಲವೆಂದು ಹೇಳಲಾಗದು. ಇನ್ನೊಮ್ಮೆ ಪರೀಕ್ಷಿಸುವುದು ಮೇಲು. ಮೀನುಗಳ ಗಾತ್ರ, ವಯಸ್ಸು ಈ ಪರೀಕ್ಷೆಯಿಂದ ತಿಳಿಯುವುದಿಲ್ಲ.

ನೆಲೆಯೂರಿದ ಮೀನನ್ನು ದೊಡ್ಡ ಕೆರೆಯಿಂದ ತೆಗೆಯುವುದು ಬಹಳ ಕಷ್ಟ. ಬಿತ್ತನೆ ಮರಿಗಳನ್ನು ಬಿಡುವ ಮುನ್ನ ಅಗಲವಾದ ಪಾತ್ರೆಯಲ್ಲಿ ಹಾಕಿ ನೋಡಿ, ಹುರುಪೆಯಿಲ್ಲದ, ಉದ್ದ ಮೀಸೆಗಳ ಮರಿ ಕಂಡರೆ ಅದನ್ನು ಬೇರ್ಪಡಿಸಿ ಮೀನುಗಾರಿಕೆ ಇಲಾಖೆಯವರಿಗೆ ತೋರಿಸುವುದು ರೈತರಿಗೆ ಕ್ಷೇಮಕರ.