ಮಗನನ್ನು ಇರಾಕಿಗೆ ಕಳಿಸಿದರೆ?

ಪ್ರಶ್ನೆ: ನಮ್ಮ ಯಜಮಾನರು 1987ರಲ್ಲಿ ಐಪಿಕೆಎಫ್ (ಭಾರತೀಯ ಶಾಂತಿಪಾಲನಾ ಪಡೆ) ಜೊತೆ ಶ್ರೀಲಂಕಾದ ಜಾಫ್ನಾಕ್ಕೆ ಹೋಗಿ ಬಂದವರು. ಮಗನೂ ಸೇನೆಯಲ್ಲಿದ್ದಾನೆ, ಈಗ ರಜೆಯಲ್ಲಿ ಬಂದಿದ್ದಾನೆ. ಅಮೆರಿಕ ನಮ್ಮ ಸೈನ್ಯವನ್ನು ಇರಾಕಿಗೆ ಕೇಳಿದೆ ಎಂದು ಪೇಪರಿನಲ್ಲಿ ಬಂದಾಗಿನಿಂದ ಇಬ್ಬರಿಗೂ ಜಗಳ. ‘ಅಲ್ಲಿನ ಜನಕ್ಕೆ ರಕ್ಷಣೆ ಬೇಡವಾ?’ ಎಂದು ಮಗ ಕೇಳಿದರೆ, ಇವರು ಅರ್ಧ ಊಟಕ್ಕೇ ಕೈತೊಳೆದು ಏಳುತ್ತಾರೆ. ನಾನು ಯಾರ ಪರ ಮಾತಾಡಲಿ?
– ಒಬ್ಬ ತಾಯಿ, ಸೋಮವಾರಪೇಟೆ (ಜೂನ್ 2003)

ಉತ್ತರ: ಅಮ್ಮಾ, ನಿಮ್ಮ ಮಗ ಕೇಳುತ್ತಿರುವುದು ಒಳ್ಳೆಯ ಪ್ರಶ್ನೆ. ಏಪ್ರಿಲ್‌ನಲ್ಲಿ ಬಾಗ್ದಾದ್ ಬಿದ್ದ ಮೇಲೆ ಆಸ್ಪತ್ರೆಗಳನ್ನೂ ಬಿಡದೆ ದೋಚಿದರು. ಮೇ ತಿಂಗಳಲ್ಲಿ ಅಮೆರಿಕದ ಆಡಳಿತವೇ ಇರಾಕಿನ ಸೇನೆಯನ್ನು ವಿಸರ್ಜಿಸಿ, ಬಂದೂಕು ಹಿಡಿದು ಗೊತ್ತಿದ್ದ ಲಕ್ಷಾಂತರ ಗಂಡಸರನ್ನು ಬರಿಗೈಯಲ್ಲಿ ಮನೆಗೆ ಕಳಿಸಿತು. ಅಲ್ಲಿನ ಜನಕ್ಕೆ ಕಾವಲು ಬೇಕೇ ಬೇಕು.

ಆದರೆ ನಮ್ಮ ಹುಡುಗರು ಯಾರ ಕೈಕೆಳಗೆ ನಿಲ್ಲಬೇಕು? ಕಾಂಗೋಗೆ, ಸೊಮಾಲಿಯಾಕ್ಕೆ ಹೋದಾಗ ತಲೆಯ ಮೇಲೆ ವಿಶ್ವಸಂಸ್ಥೆಯ ಬಾವುಟವಿತ್ತು. ಇರಾಕಿನಲ್ಲಿ ಅಮೆರಿಕ, ಬ್ರಿಟನ್ ಆಕ್ರಮಿಸಿಕೊಂಡ ಶಕ್ತಿಗಳೆಂದು ಮೇ 22ರ ಭದ್ರತಾ ಮಂಡಳಿಯ ನಿರ್ಣಯವೇ ಹೇಳುತ್ತದೆ. ಚೆಕ್‌ಪೋಸ್ಟಿನಲ್ಲಿ ಒಂದು ಕಾರು ನಿಲ್ಲದೆ ಬಂತು, ಗುಂಡು ಹಾರಿತು, ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು ಎಂದುಕೊಳ್ಳಿ. ಆ ಊರಿನವರ ಕಣ್ಣಿಗೆ ನಿಮ್ಮ ಮಗನೂ ಆಕ್ರಮಣಕಾರನೇ.

ಜಾಫ್ನಾಕ್ಕಾದರೋ ಶ್ರೀಲಂಕಾ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡೇ ಹೋಗಿದ್ದೆವು. ಮೊದಮೊದಲು ತಮಿಳರು ಸ್ವಾಗತಿಸಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆ ಯುದ್ಧ ಶುರುವಾಯಿತು. 1990ರ ಮಾರ್ಚ್‌ನಲ್ಲಿ ವಾಪಸಾಗುವ ಹೊತ್ತಿಗೆ ನಮ್ಮ ಸುಮಾರು 1,200 ಸೈನಿಕರು ತೀರಿಕೊಂಡಿದ್ದರು. ನಿಮ್ಮ ಯಜಮಾನರು ಯಾಕೆ ಊಟ ಬಿಟ್ಟು ಏಳುತ್ತಾರೆಂದು ನನಗೆ ಅರ್ಥವಾಗುತ್ತದೆ.

ಈಗಿನ ಸ್ಥಿತಿಯಲ್ಲಿ ಸೈನ್ಯ ಕಳಿಸಬಾರದು ಎಂಬುದೇ ನನ್ನ ಖಚಿತ ಅಭಿಪ್ರಾಯ. ವೈದ್ಯರನ್ನು, ಔಷಧಿಯನ್ನು ಧಾರಾಳವಾಗಿ ಕಳಿಸೋಣ. ವಿಶ್ವಸಂಸ್ಥೆ ಹೊಣೆ ಹೊತ್ತು, ಇರಾಕಿನವರೇ ಕರೆದರೆ ಆಗ ಯೋಚಿಸಬಹುದು.

ಮನೆಯ ವಿಷಯಕ್ಕೆ ಬಂದರೆ, ‘ಹೋಗಲ್ಲ ಅಂತ ಮಾತು ಕೊಡು’ ಎಂದು ಮಗನನ್ನು ಮಾತ್ರ ಹಿಡಿಯಬೇಡಿ. ಆದೇಶ ಬಂದರೆ ಅವನು ಹೊರಡಲೇಬೇಕು, ಬೇಡವೆನ್ನುವ ಸ್ವಾತಂತ್ರ್ಯ ಅವನಿಗಿಲ್ಲ. ಊಟದ ಹೊತ್ತಿನಲ್ಲಿ ಈ ಮಾತು ತೆಗೆಯುವುದೂ ಬೇಡ. ಅವನ ರಜೆ ಮುಗಿಯುವುದರೊಳಗೆ ಅಪ್ಪ–ಮಗ ಇಬ್ಬರೇ ಕೂರುವಂತೆ ಮಾಡಿ. ಜಾಫ್ನಾದಲ್ಲಿ ಏನೇನಾಯಿತೆಂದು ಅವರ ಬಾಯಿಂದಲೇ ಮಗ ಕೇಳಲಿ.

ದೆಹಲಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮಗ ಬಾಯಿಬಿಡುವಂತಿಲ್ಲ, ನೀವು ಬಿಡಬಹುದು. ನಿಮ್ಮ ಸಂಸದರಿಗೆ ಈ ವಾರವೇ ಒಂದು ಕಾಗದ ಬರೆಯಿರಿ.