ಶಿವರಾತ್ರಿಯಿಂದ ಯುಗಾದಿಯವರೆಗೆ: ಹೊಲದ ಹಕ್ಕಿಗಳನ್ನು ನೋಡುವ ಬಗೆ

ಹಿಂಗಾರಿ ಜೋಳದ ತೆನೆ ಬಲಿತು, ಕಡಲೆ ಕಣಕ್ಕೆ ಬಂದು, ಕಬ್ಬಿನ ಗಾಡಿಗಳು ಸಾಲುಗಟ್ಟಿ ಕಾರ್ಖಾನೆಯ ದಾರಿ ಹಿಡಿದಿರುವ ಕಾಲವಿದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಮಾಘ, ಫಾಲ್ಗುಣ ಮಾಸಗಳಲ್ಲಿ ರೈತನಿಗೆ ಬಿಡುವು ಕಡಿಮೆ. ಆದರೂ ಹಕ್ಕಿಗಳನ್ನು ನೋಡಿ ತಿಳಿಯಲು ವರ್ಷದಲ್ಲಿ ಇದಕ್ಕಿಂತ ಅನುಕೂಲವಾದ ಸಮಯ ಇನ್ನೊಂದಿಲ್ಲ. ಅನೇಕ ಗಿಡಗಳು ಎಲೆ ಉದುರಿಸಿರುವುದರಿಂದ ಟೊಂಗೆಯ ಮೇಲೆ ಕುಳಿತ ಹಕ್ಕಿ ಮರೆಯಾಗುವುದಿಲ್ಲ. ಚಳಿಗಾಲಕ್ಕೆಂದು ಬಂದ ಪರದೇಶದ ಹಕ್ಕಿಗಳು ಇನ್ನೂ ಪೂರ್ತಿ ಹೊರಟುಹೋಗಿಲ್ಲ, ನಮ್ಮ ಊರಿನವು ಆಗಲೇ ಗೂಡಿನ ಕೆಲಸಕ್ಕೆ ತೊಡಗಿವೆ. ಬೆಳೆ ಕಣ್ಣ ಮುಂದೆ ನಿಂತಿರುವಾಗ ಯಾವ ಹಕ್ಕಿ ಕಾಳು ತಿನ್ನುತ್ತದೆ, ಯಾವುದು ಹುಳು ತಿನ್ನುತ್ತದೆ ಎಂಬ ಲೆಕ್ಕವೂ ನೇರವಾಗಿ ಸಿಗುತ್ತದೆ.

ಹಕ್ಕಿ ನೋಡುವುದು, ಅವುಗಳ ಫೋಟೋ ತೆಗೆಯುವುದು ಪಟ್ಟಣದವರ ಹವ್ಯಾಸ ಎಂಬ ಭಾವನೆ ನಮ್ಮಲ್ಲಿದೆ. ಕನ್ನಡದಲ್ಲಿ ಹಕ್ಕಿಗಳ ವಿಷಯವಾಗಿ ಬಹಳ ಬರೆದ, ಕಣಿವೆ ಕೊಳ್ಳಗಳಲ್ಲಿ ಕ್ಯಾಮೆರಾ ಹಿಡಿದು ತಾಸುಗಟ್ಟಲೆ ಕಾದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಬೇಸಾಯಗಾರರು. ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ರೈತನಷ್ಟು ಯೋಗ್ಯನಾದವನು ಬೇರೆ ಇಲ್ಲ. ನಸುಕಿನಲ್ಲಿ ಹೊಲದಲ್ಲಿರುವವನು ಅವನೇ, ಅದೇ ಹೊಲವನ್ನು ವರ್ಷದ ಎಲ್ಲಾ ದಿನ ನೋಡುವವನೂ ಅವನೇ.

ಮೊದಲು ಒಂದು ಸುತ್ತು ಗೊತ್ತುಮಾಡಿಕೊಳ್ಳಬೇಕು. ಮನೆಯಿಂದ ಹೊಲ, ಹೊಲದಿಂದ ಬಾವಿ ಇಲ್ಲವೆ ಹಳ್ಳ, ಅಲ್ಲಿಂದ ಮತ್ತೆ ಮನೆ, ಹೀಗೆ ಒಂದು ಕಿಲೋಮೀಟರಿನಷ್ಟು ದಾರಿ ಸಾಕು. ವಾರಕ್ಕೊಮ್ಮೆ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ನಡೆಯಬೇಕು. ಫೆಬ್ರುವರಿಯಲ್ಲಿ ನಮ್ಮ ಕಡೆ 7 ಗಂಟೆಯ ಸುಮಾರಿಗೆ ಹೊತ್ತು ಹುಟ್ಟುತ್ತದೆ. ಅಲ್ಲಿಂದ 9 ಗಂಟೆಯ ತನಕ ಹಕ್ಕಿಗಳ ಚಟುವಟಿಕೆ ಹೆಚ್ಚು. ಒಂದು ನೋಟುಪುಸ್ತಕದಲ್ಲಿ ತಾರೀಖು, ಹೊಲದ ಬೆಳೆ, ಹಕ್ಕಿಯ ಹೆಸರು, ಎಷ್ಟಿದ್ದವು, ಏನು ಮಾಡುತ್ತಿದ್ದವು ಎಂದು ಬರೆದಿಡಬೇಕು. ಹೆಸರು ತಿಳಿಯದಿದ್ದರೆ ಗಾತ್ರ, ಬಣ್ಣ, ಕೊಕ್ಕಿನ ಆಕಾರ ಬರೆದರೆ ಆಯಿತು. ‘ಏನು ಮಾಡುತ್ತಿದ್ದವು’ ಎಂಬ ಕಲಮೇ ಎಲ್ಲಕ್ಕಿಂತ ಮುಖ್ಯವಾದುದು. ಬರಿಗಣ್ಣು ಸಾಲದಿದ್ದರೆ 8×40 ಅಳತೆಯ ದುರ್ಬೀನು ಒಂದು ಮನೆತನಕ್ಕೆ ಅಥವಾ ಊರಿನ ಶಾಲೆಗೆ ಒಂದಿದ್ದರೆ ಸಾಕು.

ಈ ಕಲಮನ್ನು ತುಂಬುವ ರೀತಿಗೆ ಒಂದು ಹಕ್ಕಿಯ ಉದಾಹರಣೆ ನೋಡೋಣ. ಜೋಳ ಹಾಲುಗಾಳಾದಾಗ ನೂರಾರು, ಸಾವಿರಾರು ಸಂಖ್ಯೆಯಲ್ಲಿ ಮೋಡದಂತೆ ಬಂದು ಎರಗುವ, ಮೈ ತಿಳಿಗುಲಾಬಿ, ತಲೆ ರೆಕ್ಕೆ ಬಾಲ ಕಪ್ಪು ಇರುವ ಹಕ್ಕಿಯನ್ನು ನಮ್ಮಲ್ಲಿ ನೋಡದವರಿಲ್ಲ. ಇದೇ ಗುಲಾಬಿ ಕಬ್ಬಕ್ಕಿ. ಗಡಿಯ ಮರಾಠಿ ರೈತರು ಇದನ್ನು ಭೋರಡಿ ಎನ್ನುತ್ತಾರೆ. ಪಳಸ ಮೈನಾ ಎಂಬ ಹೆಸರೂ ಉಂಟು. ಪಳಸವೆಂದರೆ ನಮ್ಮ ಮುತ್ತಲ ಗಿಡ. ಅಟ್ಟದ ಮೇಲೆ ನಿಂತು ಕವಣಿ ಬೀಸಿ, ಡಬ್ಬಿ ಬಡಿದು ಗಂಟಲು ಹರಿದುಕೊಂಡವರಿಗೆ ಈ ಹಕ್ಕಿಯ ಮೇಲೆ ಸಿಟ್ಟಿರುವುದು ಸಹಜ. ಮಾಲದಂಡಿ ಜೋಳದ ಒಂದು ಸಣ್ಣ ಪಟ್ಟಿಯನ್ನು ಇವು ಬೆಳಗಿನೊಳಗೆ ಬರಿದು ಮಾಡಬಲ್ಲವು. ಈ ಹಾನಿಯನ್ನು ಸುಳ್ಳೆನ್ನುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಇದೇ ಹಿಂಡನ್ನು ಜೋಳ ಕೊಯ್ದ ಮೇಲೆ ಹಿಂಬಾಲಿಸಿ ನೋಡಬೇಕು. ಶಿವರಾತ್ರಿಯ ಹೊತ್ತಿಗೆ ಮುತ್ತಲ, ಬೂರಲ, ಹಾಲವಾಣ ಗಿಡಗಳು ಕೆಂಪಗೆ ಹೂ ಬಿಡುತ್ತವೆ. ಗುಲಾಬಿ ಕಬ್ಬಕ್ಕಿಗಳು ಈ ಹೂಗಳ ಮಕರಂದಕ್ಕೆ ಮುಗಿಬೀಳುತ್ತವೆ. ಹಣೆಗೆ ಪರಾಗ ಮೆತ್ತಿಕೊಂಡು ಗಿಡದಿಂದ ಗಿಡಕ್ಕೆ ಹಾರುವಾಗ ಪರಾಗಸ್ಪರ್ಶದ ಕೆಲಸವನ್ನೂ ಮಾಡುತ್ತವೆ. ಕೊಯ್ದ ಹೊಲದಲ್ಲಿ ನೆಲಕ್ಕಿಳಿದು ಸಾಲಾಗಿ ನಡೆಯುತ್ತ ಮಿಡತೆ, ಹುಳು ಹೆಕ್ಕುತ್ತವೆ. ಏಪ್ರಿಲ್ ಕಳೆಯುವುದರೊಳಗೆ ಇವು ಮಧ್ಯ ಏಷ್ಯದ ಕಡೆಗೆ ಹೊರಟು, ಅಲ್ಲಿ ಮಿಡತೆ ಹೆಚ್ಚಿರುವ ಸೀಮೆಗಳಲ್ಲಿ ಮರಿ ಮಾಡುತ್ತವೆ. ಚೀನಾದ ಷಿಂಜಿಯಾಂಗ್ ಪ್ರಾಂತದಲ್ಲಿ ಹುಲ್ಲುಗಾವಲಿನ ಮಿಡತೆ ಹತೋಟಿಗೆಂದು ಇದೇ ಹಕ್ಕಿಗೆ ಕಲ್ಲು, ಇಟ್ಟಿಗೆಯ ಗೂಡು ಕಟ್ಟಿಕೊಡಲಾಗಿದೆ. ಅದೇ ದೇಶ 1958ರಲ್ಲಿ ಗುಬ್ಬಿಗಳನ್ನು ಧಾನ್ಯದ ಕಳ್ಳರೆಂದು ಕೊಲ್ಲಿಸಿ, ಕೀಟಗಳು ಮಿತಿಮೀರಿದ ಮೇಲೆ 1960ರಲ್ಲಿ ಆ ಆಜ್ಞೆಯನ್ನು ಹಿಂದೆಗೆದುಕೊಂಡಿತ್ತು.

ಜೋಳದ ಹಾನಿಯ ಹತೋಟಿಗೆ ಹೊಡೆದು ಕೊಲ್ಲುವುದಕ್ಕಿಂತ ಮೇಲಾದ ಉಪಾಯಗಳಿವೆ. ಊರಿನ ಸುತ್ತಲಿನ ಜೋಳವೆಲ್ಲ ಏಕಕಾಲಕ್ಕೆ ಬಿತ್ತನೆಯಾದರೆ ಹಾನಿ ಹಂಚಿಹೋಗುತ್ತದೆ. ಎಲ್ಲರಿಗಿಂತ ಮೊದಲು ಅಥವಾ ಕಡೆಗೆ ಬಲಿತ ಒಂಟಿ ಹೊಲವೇ ಹಕ್ಕಿಗೆ ತುತ್ತು. ಕೆಂಪು-ಬೆಳ್ಳಿ ಬಣ್ಣದ ಮಿನುಗುಪಟ್ಟಿಯನ್ನು ತೆನೆಗಿಂತ ಒಂದು ಮೊಳ ಮೇಲೆ, ತುಸು ತಿರುಚಿ ಕಟ್ಟಿದರೆ ಬಿಸಿಲು, ಗಾಳಿಗೆ ಹೊಳೆದು ಸದ್ದು ಮಾಡಿ ಹಕ್ಕಿಗಳನ್ನು ಬೆದರಿಸುತ್ತದೆ. ಆದರೆ ಕೆಲವು ದಿನಗಳಲ್ಲಿ ಅವು ಅದಕ್ಕೂ ಒಗ್ಗಿಕೊಳ್ಳುತ್ತವೆ. ಹಾಲುಗಾಳಿನ ಹಂತಕ್ಕೆ ಸರಿಯಾಗಿ ಕಟ್ಟಬೇಕೇ ಹೊರತು ತಿಂಗಳ ಮುಂಚೆ ಕಟ್ಟಿ ಫಲವಿಲ್ಲ. ಅಥಣಿ ತಾಲೂಕಿನ ಪೂರ್ವಭಾಗದ ದ್ರಾಕ್ಷಿ ಬೆಳೆಗಾರರು ಬಲೆ ಹೊದಿಸುವಾಗ ಸಡಿಲ ಬಿಡದೆ ಬಿಗಿಯಾಗಿ ಎಳೆದು ಕಟ್ಟಬೇಕು. ದಿನಕ್ಕೆ ಎರಡು ಸಲ ತಿರುಗಿ ನೋಡಿ ಸಿಕ್ಕಿಬಿದ್ದ ಹಕ್ಕಿಯನ್ನು ಬಿಡಿಸಬೇಕು. ಸಡಿಲ ಬಲೆಗೆ ಹುಳ ತಿನ್ನುವ ಹಕ್ಕಿಯೂ ಸಿಲುಕುತ್ತದೆ.

ಕಡಲೆ ಹೊಲದ ಮಾತು ಬೇರೆ. ಇಲ್ಲಿ ಹಕ್ಕಿಯನ್ನು ಕರೆಯಬೇಕು. ಎಕರೆಗೆ ಸುಮಾರು 20ರಂತೆ ಕವಲುಗೂಟ ನೆಟ್ಟರೆ ಕಾಜಾಣ, ನೀಲಕಂಠ, ಮೈನಾ ಅದರ ಮೇಲೆ ಕುಳಿತು ಕಾಯಿಕೊರಕ ಹುಳುಗಳನ್ನು ಹೆಕ್ಕುತ್ತವೆ. ಎಳ್ಳಮಾವಾಸ್ಯೆಯ ದಿನ ನಮ್ಮ ಹಿರಿಯರು ಹೊಲದ ತುಂಬ ಚರಗ ಚೆಲ್ಲುವ ಪದ್ಧತಿ ಇಟ್ಟಿದ್ದಾರೆ. ಆ ಅನ್ನ, ಕಡುಬಿನ ತುಣುಕಿಗೆ ಬಂದ ಹಕ್ಕಿ ಅಲ್ಲಿಯೇ ಹುಳುವನ್ನೂ ಕಾಣುತ್ತದೆ. ಕಾಯಿಕೊರಕದ ಬಾಧೆ ಬೀಳುವ ಸಮಯಕ್ಕೂ ಈ ಹಬ್ಬಕ್ಕೂ ಇರುವ ಹೊಂದಾಣಿಕೆ ಗಮನಿಸತಕ್ಕದ್ದು. ಜೋಳದ ಹೊಲದಲ್ಲಿ ಮಾತ್ರ ತೆನೆ ಹಾಲು ತುಂಬುವ ಮೊದಲೇ ಕವಲುಗೂಟಗಳನ್ನು ಕಿತ್ತುಬಿಡಬೇಕು, ಇಲ್ಲವಾದರೆ ಕಾಳು ತಿನ್ನುವವಕ್ಕೆ ನಾವೇ ಮಣೆ ಹಾಕಿದಂತಾಗುತ್ತದೆ.

ಕಬ್ಬಿನ ಹೊಲ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಬಲದಿಂದ ಈ ಭಾಗ ಕಬ್ಬಿನ ಸೀಮೆಯಾಗಿದೆ. ಕಬ್ಬು ಕಡಿಯುವ ದಿನ ಹೊಲದ ಅಂಚಿನಲ್ಲಿ ಒಂದು ತಾಸು ನಿಂತರೆ ಸಾಕು. ಬೆಳ್ಳಕ್ಕಿ, ಕಾಜಾಣ, ಹದ್ದು ಎಲ್ಲವೂ ಓಡುವ ಇಲಿ, ಹಾರುವ ಕೀಟಕ್ಕಾಗಿ ನೆರೆಯುತ್ತವೆ. ಹಗಲಲ್ಲಿ ಕಾಣದ ಇನ್ನೊಂದು ಹಕ್ಕಿ ಕಬ್ಬಿನ ರೈತನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದುದು. ಅದು ಕಣಜಗೂಬೆ. ಹಾಳು ಮನೆ, ಹಳೆಯ ಗುಡಿಯ ಗೋಪುರ, ದೊಡ್ಡ ಪೊಟರೆಗಳಲ್ಲಿ ಇದರ ವಾಸ. ಇದು ಕುಳಿತುಕೊಳ್ಳುವ ಜಾಗದ ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಜೀರ್ಣವಾಗದ ಕೂದಲು, ಎಲುಬುಗಳನ್ನು ಗೂಬೆ ಹೀಗೆ ಉಗುಳುತ್ತದೆ. ಅದನ್ನು ನೀರಿನಲ್ಲಿ ನೆನೆಸಿ ಬಿಡಿಸಿ ನೋಡಿದರೆ ಇಲಿಯ ತಲೆಬುರುಡೆಗಳು ಒಂದೊಂದಾಗಿ ಹೊರಬರುತ್ತವೆ. ಶಾಲೆಯ ಮಕ್ಕಳಿಂದ ಮಾಡಿಸಬಹುದಾದ ಒಳ್ಳೆಯ ಪ್ರಯೋಗವಿದು. ಮಲೇಷ್ಯಾದ ತಾಳೆ ತೋಟಗಳಲ್ಲಿ ಇಲಿ ಹತೋಟಿಗೆಂದು ಇದೇ ಗೂಬೆಗೆ ಮರದ ಪೆಟ್ಟಿಗೆ ಇಡುತ್ತಾರೆ. ನಮ್ಮಲ್ಲಿ ಗೂಬೆ ಕೂಗಿದರೆ ಕೇಡೆಂದು ಕಲ್ಲು ಬೀಸುತ್ತೇವೆ, ಮರುದಿನ ಇಲಿ ಪಾಷಾಣಕ್ಕೆ ಹಣ ಕೊಡುತ್ತೇವೆ.

ಕಡಿದ ಮೇಲೆ ರವದಿಗೆ ಬೆಂಕಿ ಇಡುವುದನ್ನು ಬಿಡಬೇಕೆಂದು ಈಗಾಗಲೇ ಅನೇಕ ಸಲ ಹೇಳಲಾಗಿದೆ. ಮಣ್ಣಿನ ಸಾವಯವ ಅಂಶ ಸುಟ್ಟುಹೋಗುವುದರ ಜೊತೆಗೆ ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮೊಟ್ಟೆ, ಮರಿಗಳೂ ಬೂದಿಯಾಗುತ್ತವೆ. ಕಬ್ಬು ಕಡಿಯುವಾಗ ಕೆಲವೊಮ್ಮೆ ಬೆಕ್ಕಿನಂಥ ಮರಿಗಳು ಸಿಗುತ್ತವೆ. ಹೆಚ್ಚಾಗಿ ಅವು ಕಾಡುಬೆಕ್ಕಿನವು; ಮೈಮೇಲೆ ಮಾಸಲು ಪಟ್ಟೆ ಇರುತ್ತದೆ. ಚುಕ್ಕೆಗಳಿದ್ದರೆ ಚಿರತೆಯ ಮರಿ ಇರಬಹುದು. ಮಹಾರಾಷ್ಟ್ರದ ಜುನ್ನರ ಸೀಮೆಯ ಕಬ್ಬಿನಲ್ಲಿ ಚಿರತೆ ಮರಿ ಹಾಕುವುದು ಸಾಮಾನ್ಯ ಸಂಗತಿಯಾಗಿದೆ. ಯಾವುದೇ ಆದರೂ ಕೈಗೆತ್ತಿಕೊಂಡು ಫೋಟೋ ತೆಗೆಸಿಕೊಳ್ಳಬಾರದು. ಕೆಲಸ ನಿಲ್ಲಿಸಿ, ಜನರನ್ನು ದೂರ ಸರಿಸಿ, ಅರಣ್ಯ ಇಲಾಖೆಗೆ ತಿಳಿಸಬೇಕು. ಮರಿ ಇದ್ದಲ್ಲೇ ಇದ್ದರೆ ತಾಯಿ ರಾತ್ರಿ ಬಂದು ಒಯ್ಯುತ್ತದೆ. ಮರಿ ಕಾಣದೆ ಸುತ್ತುವ ತಾಯಿಯಿಂದಲೇ ಅಪಾಯ ಹೆಚ್ಚು.

ಫೋಟೋ ತೆಗೆಯುವವರಿಗೆ

ಕ್ಯಾಮೆರಾದ ಮಾತಿಗೆ ಮುಂಚೆ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಟಿಟ್ಟಿಭ ಹಕ್ಕಿ, ಗಡಿಭಾಗದವರು ಟಿಟವಿ ಎನ್ನುವುದು, ಮಾರ್ಚಿನಿಂದ ಮೊಟ್ಟೆ ಇಡತೊಡಗುತ್ತದೆ. ಇದಕ್ಕೆ ಗೂಡೆಂಬುದಿಲ್ಲ. ನೇಗಿಲು ಹೊಡೆದ ಹೊಲದಲ್ಲೋ, ಪಡದಲ್ಲೋ ನಾಲ್ಕು ಹರಳು ಕೂಡಿಸಿ, ಹರಳಿನ ಬಣ್ಣದ್ದೇ ನಾಲ್ಕು ಮೊಟ್ಟೆ ಇಡುತ್ತದೆ. ಒಂದು ವರ್ಷ ಅಥಣಿ ಕಡೆಯ ಒಂದು ಎರೆಹೊಲದಲ್ಲಿ ಇಂಥ ಮೊಟ್ಟೆಗಳ ಚಿತ್ರ ತೆಗೆಯಲು ಹೋಗಿ, ಬೆಳಕು ಸರಿಯಿಲ್ಲವೆಂದು ಅರ್ಧ ತಾಸು ಅಲ್ಲಿಯೇ ಕುಳಿತೆ. ತಾಯಿ ಹಕ್ಕಿ ಮೇಲೆ ಹಾರಾಡಿ ಒಂದೇ ಸಮನೆ ಕೂಗುತ್ತಿತ್ತು. ಆ ಕೂಗು ನನಗೆ ಚಿತ್ರಕ್ಕೆ ಕಳೆ ಕೊಡುವಂತೆ ಕಂಡಿತೇ ವಿನಾ ಬೇರೇನೂ ಹೊಳೆಯಲಿಲ್ಲ. ನಾನು ಎದ್ದು ಬದುವಿಗೆ ಬರುವಷ್ಟರಲ್ಲಿ ಬೇಲಿಯ ಜಾಲಿಯಲ್ಲಿ ಕಾದಿದ್ದ ಎರಡು ಕಾಗೆಗಳು ಇಳಿದವು. ಹೊಲದ ಯಜಮಾನರು ಅಷ್ಟು ದಿನ ಆ ಜಾಗ ಬಿಟ್ಟು ಕುಂಟೆ ಹೊಡೆದಿದ್ದರು. ಅವರು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಆ ಚಿತ್ರ ನನ್ನ ಬಳಿ ಇದೆ, ಯಾರಿಗೂ ತೋರಿಸಿಲ್ಲ.

ಆದ್ದರಿಂದ ಗೂಡಿನ ಹತ್ತಿರದ ಚಿತ್ರ ಬೇಡ. ಗೂಡಿಗೆ ಅಡ್ಡವಾದ ಟೊಂಗೆ ಕಡಿಯುವುದು, ಮರಿಯನ್ನು ಎತ್ತಿ ಬೆಳಕಿಗೆ ಇಡುವುದು ಕೂಡದು. ಮೊಟ್ಟೆ, ಮರಿ ತೆಗೆಯುವುದು, ಗಿಳಿಯನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಬಿತ್ತುವಾಗ ಟಿಟವಿಯ ಮೊಟ್ಟೆ ಕಂಡರೆ ಸುತ್ತ ಒಂದು ಮಾರು ಜಾಗ ಬಿಟ್ಟು ಸಾಗಿದರೆ ಬೆಳೆಗೆ ಬರುವ ನಷ್ಟ ಹಿಡಿ ಕಾಳಿನದು.

ಈಗ ಮೊಬೈಲ್ ಇಲ್ಲದ ಮನೆ ಅಪರೂಪ. ದೂರದ ಹಕ್ಕಿಗೆ ಅದರ ಕ್ಯಾಮೆರಾ ಸಾಲದು. ಆದರೆ ದುರ್ಬೀನಿನ ಕಣ್ಣಿಗೆ ಮೊಬೈಲನ್ನು ಒತ್ತಿ ಹಿಡಿದರೆ ಗುರುತಿಸಲು ಸಾಕಾಗುವಷ್ಟು ಚಿತ್ರ ಬರುತ್ತದೆ. ದೊಡ್ಡ ಕ್ಯಾಮೆರಾ ಇದ್ದವರಿಗೆ 300 ಮಿ.ಮೀ. ಮಸೂರ ಸಾಕು. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ವೇಗವಿಡಬೇಕು, ಸೂರ್ಯ ಬೆನ್ನ ಹಿಂದೆ ಇರಬೇಕು. ರೈತನಿಗೆ ಇರುವ ಅನುಕೂಲ ಪಟ್ಟಣದವರಿಗೆ ಇಲ್ಲ: ನಡೆದು ಬರುವ ಮನುಷ್ಯನಿಗೆ ಹಾರಿಹೋಗುವ ಹಕ್ಕಿ ಎತ್ತಿನ ಗಾಡಿಗೆ, ಟ್ರ್ಯಾಕ್ಟರಿಗೆ ಅಂಜುವುದಿಲ್ಲ. ಗಾಡಿಯಲ್ಲಿ ಕುಳಿತೇ ಚಿತ್ರ ತೆಗೆಯಬಹುದು. ಯಡೂರ, ಕುಡಚಿ, ಉಗಾರದ ಕಡೆ ಕೃಷ್ಣೆಯ ದಡದಲ್ಲಿ ಬಣ್ಣದ ಕೊಕ್ಕರೆ, ಮಿಂಚುಳ್ಳಿ, ರೀವಗಳನ್ನು ನೋಡುವವರು ನೀರಿನ ಅಂಚಿಗೆ ಕೂಡಬಾರದು. ಹೊಳೆಯಲ್ಲಿ ಮೊಸಳೆಗಳಿವೆ.

ಒಂದು ದಿನದ ಬಿಡುವಿದ್ದರೆ ಗೋಕಾಕ ತಾಲೂಕಿನ ಧೂಪದಾಳಕ್ಕೆ ಹೋಗಿಬರಬಹುದು. ಅಲ್ಲಿಯ ಒಡ್ಡಿನ ಹಿನ್ನೀರಿನ ಸುತ್ತ ಸುಮಾರು 30 ಚದರ ಕಿ.ಮೀ. ವಿಸ್ತಾರದ ಘಟಪ್ರಭಾ ಪಕ್ಷಿಧಾಮವಿದೆ. ದೂರದೇಶದ ಕರ್ಕರೆ ಕೊಕ್ಕರೆಗಳು ಚಳಿಗಾಲಕ್ಕೆ ಬರುವ ತಾಣವಿದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯ್ದರೂ ಅಲ್ಲಿಯ ರೈತರು ಅವನ್ನು ಬಾಳಗೊಟ್ಟಿದ್ದಾರೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಇಂಥ ಬಾತುಗಳಲ್ಲಿ ಕೆಲವಕ್ಕೆ ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕುತ್ತಿಗೆಗೆ ಅಂಕಿ ಬರೆದ ಪಟ್ಟಿ ತೊಡಿಸಿರುತ್ತಾರೆ. ಮೈಸೂರು ಸುತ್ತಲಿನ ಕೆರೆಗಳಲ್ಲಿ ತೆಗೆದ ಚಿತ್ರಗಳಲ್ಲಿ ಆ ಅಂಕಿ ಓದಿಯೇ ಅವು ಎಲ್ಲಿಂದ ಬಂದವೆಂದು ತಿಳಿಯಿತು. ಚೆಂದವಲ್ಲದಿದ್ದರೂ ಚಿಂತೆಯಿಲ್ಲ, ಅಂಕಿ ಕಾಣುವ ಚಿತ್ರವೇ ಬೆಲೆಯುಳ್ಳದ್ದು.

ಕೊನೆಗೆ ಔಷಧದ ವಿಷಯ. ನಡಿಗೆಯಲ್ಲಿ ಒಂದೇ ಹೊಲದಲ್ಲಿ ಎರಡು ಮೂರು ಸತ್ತ ಹಕ್ಕಿ ಕಂಡರೆ ಅದನ್ನು ತಪ್ಪದೆ ಬರೆದಿಡಬೇಕು, ಆ ವಾರ ಸುತ್ತಮುತ್ತ ಏನು ಸಿಂಪಡಿಸಿದ್ದರೆಂದು ವಿಚಾರಿಸಬೇಕು. 1995–96ರಲ್ಲಿ ಅರ್ಜೆಂಟೀನಾದಲ್ಲಿ ಮಿಡತೆಗೆಂದು ಮೊನೊಕ್ರೊಟೊಫಾಸ್ ಹೊಡೆದಾಗ, ಆ ಮಿಡತೆ ತಿಂದ ಡೇಗೆಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ನಮ್ಮ ದೇಶದಲ್ಲಿ ತರಕಾರಿಗೆ ಅದರ ಬಳಕೆಯನ್ನು 2005ರಲ್ಲಿ ನಿಷೇಧಿಸಲಾಯಿತು. 2023ರ ಆದೇಶದಿಂದ ಅದರ 36 ಎಸ್.ಎಲ್. ರೂಪವನ್ನೂ ಕೈಬಿಡಲಾಯಿತು. ಹಳೆಯ ಡಬ್ಬಿ ಇನ್ನೂ ಅಟ್ಟದ ಮೇಲಿದ್ದರೆ ಬಳಸಬಾರದು, ಹಳ್ಳಕ್ಕೂ ಸುರಿಯಬಾರದು. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು.

ಪ್ರತಿ ವರ್ಷ ಫೆಬ್ರುವರಿ ನಡುವೆ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಭಾರತ 2013ರಿಂದ ಅದರಲ್ಲಿ ಸೇರಿದೆ. ಹದಿನೈದು ನಿಮಿಷ ಒಂದೆಡೆ ನಿಂತು, ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಇ-ಬರ್ಡ್ ಎಂಬ ಮೊಬೈಲ್ ಸಾಧನದಲ್ಲಿ ದಾಖಲಿಸಿದರೆ ಆಯಿತು. ಜೋಳ ಕಾಯುವ ಅಟ್ಟ ಈ ಎಣಿಕೆಗೆ ಹೇಳಿ ಮಾಡಿಸಿದ ಜಾಗ.